ಕುಲಾವಿ ಪುಸ್ತಕಗಳ ಕಪಾಟು

ಧಾರವಾಡದ ಸುಭಾಷ್ ರಸ್ತೆಯಿಂದ ಒಳಗೆ ಹೊರಳುವ ಗಲ್ಲಿಯೊಂದರಲ್ಲಿ ಹಳೆಯ ಪುಸ್ತಕಗಳ ಅಂಗಡಿಯಿದೆ. ಮುಂದೆ ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳು, ಅವುಗಳ ಹಿಂದೆ ಪಿಯುಸಿ ಪಠ್ಯಗಳು, ಇನ್ನೂ ಹಿಂದೆ, ಬಲ್ಬಿನ ಬೆಳಕು ಅರೆಬರೆ ತಲುಪುವ ಗೋಡೆಗೆ, ನೆಲಕ್ಕೆ ತಾಗಿದಂತೆ ಎರಡು ಹಲಗೆಗಳು. ಅಲ್ಲಿರುವುದೆಲ್ಲ ವಸಾಹತು ಕಾಲದ ಅಮೆರಿಕದ ಗಡಿಸೀಮೆಯಲ್ಲಿ ನಡೆಯುವ ಕ್ರೈಸ್ತ ಕಾದಂಬರಿಗಳು. ಪ್ರತಿ ಮುಖಪುಟದಲ್ಲೂ ಒಬ್ಬ ತರುಣಿ, ಗದ್ದದ ಕೆಳಗೆ ಲಾಡಿ ಕಟ್ಟಿದ ಬಟ್ಟೆಯ ಟೊಪ್ಪಿಗೆ, ಹಿನ್ನೆಲೆಗೆ ನೀಲಿ ಗುಡ್ಡ ಮತ್ತು ಮರದ ದಿಮ್ಮಿಯ ಮನೆ. ಅಂಗಡಿಯವರು ಇವಕ್ಕೆಲ್ಲ ಸೇರಿಸಿ ‘ಕುಲಾವಿ ಪುಸ್ತಕ’ ಎಂದು ಹೆಸರಿಟ್ಟಿದ್ದಾರೆ. ಇದಕ್ಕಿಂತ ಚೊಕ್ಕ ವರ್ಗೀಕರಣ ಯಾವ ಗ್ರಂಥಪಾಲಕರಿಗೂ ಸಾಧ್ಯವಾಗಲಾರದು.

ವ್ಯವಹಾರ ಸರಳ. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಬೆಲೆ ಬರೆದಿರುತ್ತದೆ, 80ರಿಂದ 120 ರೂಪಾಯಿ. ಓದಿ ಮರಳಿಸಿದರೆ ಅರ್ಧ ಹಣ ವಾಪಸು, ಹೊದಿಕೆ ಹರಿದಿರಬಾರದು ಅಷ್ಟೇ. ಹರಿದಿದೆಯೋ ಇಲ್ಲವೋ ಎಂಬ ತೀರ್ಪು ಮಾತ್ರ ಅವರದೇ, ಅದರ ಮೇಲೆ ಅಪೀಲಿಲ್ಲ. ಬಹುತೇಕ ಪ್ರತಿಗಳು ಅಮೆರಿಕದ ಯಾವುದೋ ಚರ್ಚಿನ ವಾಚನಾಲಯ ಕೈಬಿಟ್ಟವು. ಹಿಂಬದಿಯಲ್ಲಿ ಕಾರ್ಡು ಇಡುವ ಕಾಗದದ ಜೇಬು, ಮರಳಿಸಬೇಕಾದ ದಿನಾಂಕದ ನೇರಳೆ ಮುದ್ರೆಗಳು ಹಾಗೆಯೇ ಉಳಿದಿವೆ. ಕಾಗದ ಹಳದಿಯಾದರೂ ಅಕ್ಷರ ದೊಡ್ಡದು, ಅರವತ್ತು ದಾಟಿದ ಕಣ್ಣಿಗೆ ಹಿತ. ದೊಡ್ಡ ಕೊರತೆಯೆಂದರೆ ಸರಣಿಗಳು ಪೂರ್ತಿ ಸಿಗುವುದಿಲ್ಲ. “ಸಿಸ್ಟರ್, ಮೊದಲನೆಯದಿದೆ, ಮೂರನೆಯದಿದೆ. ಎರಡನೆಯದರಲ್ಲಿ ಮದುವೆಯಾಗಿರುತ್ತದೆ, ಅಷ್ಟೇ” ಎಂದರು ಒಮ್ಮೆ. ಮೂರನೆಯದನ್ನು ಓದಿದೆ. ಮದುವೆಯಾಗಿತ್ತು, ಮಗುವೂ ಆಗಿತ್ತು.

ನನ್ನನ್ನು ಅವರು ಸಿಸ್ಟರ್ ಎನ್ನುವುದು ಗದಗಿನಲ್ಲಿ ಹೆರಿಗೆ ವಾರ್ಡಿನ ನರ್ಸ್ ಆಗಿ ನಿವೃತ್ತಳಾದವಳು ಎಂಬ ಕಾರಣಕ್ಕೆ. ಈಗ ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದೇನೆ. ನಮ್ಮದು ಬಾಸೆಲ್ ಮಿಶನ್ನಿನ ಕಾಲದಿಂದ ಬಂದ ಕ್ರೈಸ್ತ ಮನೆತನ. ಮಿಶನರಿಗಳು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ನಮ್ಮ ಮುತ್ತಜ್ಜಿಯ ತವರು ಬೆಟಗೇರಿಯ ನೇಕಾರರ ಓಣಿ. ಈ ಎರಡು ಸಂಗತಿ ಗೊತ್ತಿದ್ದರೆ ಮುಂದಿನ ನನ್ನ ತಕರಾರುಗಳು ಎಲ್ಲಿಂದ ಹುಟ್ಟುತ್ತವೆ ಎಂಬುದು ಓದುವವರಿಗೆ ತಿಳಿಯುತ್ತದೆ.

ಕಥೆಯ ಹಂದರ ಹೆಚ್ಚುಕಡಿಮೆ ಒಂದೇ. 1750ರ ದಶಕ, ಪೆನ್ಸಿಲ್ವೇನಿಯಾ ಅಥವಾ ವರ್ಜೀನಿಯಾದ ಪಶ್ಚಿಮದ ಅಂಚು. ತೀರದ ಊರುಗಳ ಹತ್ತಿರ ಜಮೀನು ದಕ್ಕದ ಜರ್ಮನ್, ಸ್ಕಾಟಿಷ್-ಐರಿಷ್ ಬಡವರು ಗುಡ್ಡದ ಸಾಲಿನ ಕಡೆ ಬಂದು ಕಾಡು ಕಡಿಯುತ್ತಿದ್ದಾರೆ. ನಾಯಕಿ ಒಂದೋ ವಿಧವೆ, ಇಲ್ಲವೇ ಹಡಗಿನ ಖರ್ಚು ತೀರಿಸಲು ಕೆಲವು ವರ್ಷದ ದುಡಿಮೆಗೆ ಕರಾರು ಬರೆದುಕೊಟ್ಟವಳು. ನಾಯಕ ಚರ್ಮದ ವ್ಯಾಪಾರಿ ಅಥವಾ ಬೇಟೆಗಾರ. ಮನುಷ್ಯ ಒಳ್ಳೆಯವನು, ದೇವರ ಮೇಲೆ ಮಾತ್ರ ಸಿಟ್ಟು. 1755ರ ಜುಲೈಯಲ್ಲಿ ಜನರಲ್ ಬ್ರಾಡಕ್‌ನ ಬ್ರಿಟಿಷ್ ಸೇನೆ ಮನಾಂಗಹೀಲಾ ನದಿಯ ಬಳಿ ಫ್ರೆಂಚರು ಮತ್ತು ಅವರ ಜೊತೆಗಿದ್ದ ಮೂಲನಿವಾಸಿಗಳ ಕೈಯಲ್ಲಿ ಸೋತ ಮೇಲೆ ಆ ಗಡಿಸೀಮೆಗೆ ಕಾವಲೇ ಇಲ್ಲದಂತಾಯಿತು. ಕಾದಂಬರಿಗಳಲ್ಲಿ ಈ ಸೋಲು ಸುಮಾರಾಗಿ ಹನ್ನೆರಡನೆಯ ಅಧ್ಯಾಯದಲ್ಲಿ ಬರುತ್ತದೆ. ಆಮೇಲೆ ದಾಳಿ, ಸೆರೆ, ಹಿಮದಲ್ಲಿ ನಡಿಗೆ, ಬಿಡುಗಡೆ, ನಾಯಕನ ಪ್ರಾರ್ಥನೆ, ಮದುವೆ. ಬೈಗುಳವಿಲ್ಲ, ಮುತ್ತಿನಾಚೆ ಯಾವ ಪುಟವೂ ಹೋಗುವುದಿಲ್ಲ. ಪಿಯುಸಿ ಓದುವ ಮೊಮ್ಮಗಳ ಕೈಗೆ ಕೊಡಲು ಹಿಂಜರಿಕೆ ಬೇಡ. ಅವಳೇ ಎರಡು ಅಧ್ಯಾಯ ಓದಿ ನನಗೆ ವಾಪಸು ಕೊಟ್ಟಳು, ಅದು ಬೇರೆ ಮಾತು.

ಈ ಪುಸ್ತಕಗಳ ನಿಜವಾದ ಶಕ್ತಿ ಅಡುಗೆಮನೆಯಲ್ಲಿದೆ. ಸಾಬೂನು ಮಾಡುವ ದೃಶ್ಯ ಒಂದು ಕಾದಂಬರಿಯಲ್ಲಿ ನಾಲ್ಕು ಪುಟ ಇದೆ, ಒಂದು ಸಾಲೂ ಬೇಸರ ತರಿಸಲಿಲ್ಲ. ಚಳಿಗಾಲವಿಡೀ ಒಲೆಯ ಬೂದಿಯನ್ನು ತಳದಲ್ಲಿ ತೂತಿರುವ ಮರದ ಪೀಪಾಯಿಗೆ ತುಂಬುತ್ತಾಳೆ. ವಸಂತ ಬಂದ ಮೇಲೆ ಮೇಲಿನಿಂದ ಮಳೆನೀರು ಸುರಿದು, ಕೆಳಗೆ ತೊಟ್ಟಿಕ್ಕುವ ಕಂದು ಬಣ್ಣದ ಕ್ಷಾರದ ನೀರನ್ನು ಹಿಡಿಯುತ್ತಾಳೆ. ಅದರಲ್ಲಿ ಕೋಳಿಮೊಟ್ಟೆ ಬಿಟ್ಟು ನೋಡುತ್ತಾಳೆ: ಮುಳುಗಿದರೆ ಕ್ಷಾರ ಸಾಲದು, ಸ್ವಲ್ಪವೇ ತಲೆ ಎತ್ತಿ ತೇಲಿದರೆ ಹದ ಬಂದಿದೆ. ನಂತರ ಶೇಖರಿಸಿಟ್ಟ ಹಂದಿಯ ಕೊಬ್ಬಿನ ಜೊತೆ ಅಂಗಳದಲ್ಲಿ ಇಡೀ ದಿನ ಕುದಿಸುವುದು, ನಾತಕ್ಕೆ ನಾಯಿಯೂ ಹತ್ತಿರ ಸುಳಿಯದಿರುವುದು. ಲೇಖಕಿ ಇದನ್ನು ಬರಿ ಓದಿ ಬರೆದಿಲ್ಲ, ಎಲ್ಲೋ ಮಾಡಿ ನೋಡಿದ್ದಾರೆ ಎಂದು ನನಗೆ ಗಟ್ಟಿ ಅನುಮಾನ.

ಹಾಗೆಯೇ ಗೋವಿನಜೋಳ. ಹಾವೇರಿ ಸೀಮೆಯವರು ಈ ಪುಸ್ತಕಗಳನ್ನು ಓದಬೇಕಾದದ್ದು ಇದಕ್ಕಾಗಿಯೇ. ನನ್ನ ಮೈದುನನ ಹೊಲದಲ್ಲಿ ಇಂದು ಅದು ಕೋಳಿ ಆಹಾರದ ಕಾರ್ಖಾನೆಗೆ ಹೋಗುವ ಮಾಲು. ಅಲ್ಲಿ ಅದೇ ಉಸಿರು. ಅಮೆರಿಕದ ಮೂಲನಿವಾಸಿ ಹೆಂಗಸರು ಅದನ್ನು ಗುಡ್ಡೆ ಮಾಡಿದ ಮಣ್ಣಿನಲ್ಲಿ ಹುರುಳಿಯ ಜಾತಿಯ ಬಳ್ಳಿ, ಕುಂಬಳ ಇವುಗಳ ಜೊತೆ ಬೆಳೆಯುತ್ತಿದ್ದರು: ದಂಟಿಗೆ ಬಳ್ಳಿ ಹಬ್ಬುತ್ತದೆ, ಕುಂಬಳದ ಎಲೆ ನೆಲದ ತೇವ ಕಾಯುತ್ತದೆ. ಕಾಳನ್ನು ಬೂದಿನೀರಿನಲ್ಲಿ ಬೇಯಿಸಿ ಸಿಪ್ಪೆ ತೆಗೆಯುವ ರೂಢಿಯನ್ನೂ ಅವರೇ ಬಿಳಿಯರಿಗೆ ಕಲಿಸಿದ್ದು. ಬೂದಿಯಲ್ಲಿ ಬೆಂದಾಗಲೇ ಗೋವಿನಜೋಳದ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಅದಿಲ್ಲದೆ ಅದೊಂದನ್ನೇ ತಿಂದು ಬದುಕಿದವರಿಗೆ ಪೆಲಾಗ್ರಾ ಬರುತ್ತದೆ, ಚರ್ಮ ಸುಲಿಯುತ್ತದೆ, ಭೇದಿಯಾಗುತ್ತದೆ, ತಲೆ ಕೆಡುತ್ತದೆ. ನರ್ಸಿಂಗ್ ಪಠ್ಯದಲ್ಲಿ ಬಾಯಿಪಾಠ ಮಾಡಿದ ಈ ರೋಗಕ್ಕೆ ಮದ್ದು ಒಂದು ಕಾದಂಬರಿಯ ಮಡಕೆಯಲ್ಲಿ ಕುದಿಯುತ್ತಿದ್ದುದನ್ನು ಕಂಡು ಖುಷಿಯಾಯಿತು.

ಖುಷಿ ಹೆರಿಗೆಯ ಅಧ್ಯಾಯದವರೆಗೆ ಮಾತ್ರ. ಕುಲಾವಿ ಪುಸ್ತಕಗಳಲ್ಲಿ ಹೆರಿಗೆ ಎಂದರೆ ಬಿರುಗಾಳಿಯ ರಾತ್ರಿ, ಗಂಡ ಊರಲ್ಲಿಲ್ಲ, ಯಾರೋ “ನೀರು ಕಾಯಿಸಿ” ಎಂದು ಕೂಗುತ್ತಾರೆ, ಮುಂದಿನ ಪುಟದಲ್ಲಿ ಮಗು ಅಳುತ್ತದೆ. ಕಸ (ಮಾಸು) ಬಿತ್ತೇ, ರಕ್ತ ನಿಂತಿತೇ, ಯಾರಿಗೂ ಚಿಂತೆಯಿಲ್ಲ. ಒಂದು ಕಾದಂಬರಿಯಲ್ಲಿ ಸೂಲಗಿತ್ತಿಯಾದ ನಾಯಕಿ 1758ರಲ್ಲೇ “ಕಣ್ಣಿಗೆ ಕಾಣದ ಕೊಳೆ ಬಾಣಂತಿಯನ್ನು ಕೊಲ್ಲುತ್ತದೆ” ಎಂದು ಕೈ ತೊಳೆಯುತ್ತಾಳೆ. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ವೈದ್ಯರ ಕೈ ತೊಳೆಸಿ ಬಾಣಂತಿ ಜ್ವರ ಇಳಿಸಿದ್ದು 1847ರಲ್ಲಿ, ಅದಕ್ಕೂ ಬೈಸಿಕೊಂಡ. ನಾಯಕಿಯನ್ನು ನಮ್ಮ ಕಾಲದ ಬುದ್ಧಿವಂತೆಯನ್ನಾಗಿಸುವ ಈ ಆಸೆ ನನಗೆ ಹಿಡಿಸುವುದಿಲ್ಲ. ಆ ಕಾಲದ ಸೂಲಗಿತ್ತಿಯರಿಗೆ ಅವರದೇ ವಿದ್ಯೆ ಸಾಕಷ್ಟಿತ್ತು. ಮೇನ್ ಪ್ರಾಂತ್ಯದಲ್ಲಿ ಮಾರ್ಥಾ ಬ್ಯಾಲರ್ಡ್ ಎಂಬಾಕೆ 1785ರಿಂದ 1812ರವರೆಗೆ ದಿನಚರಿ ಬರೆದಿಟ್ಟಿದ್ದಾಳೆ, 816 ಹೆರಿಗೆಗಳ ಲೆಕ್ಕ ಅದರಲ್ಲಿದೆ. ಹೆಪ್ಪುಗಟ್ಟಿದ ನದಿ ದಾಟಿ ಹೋದದ್ದು, ಸಂಭಾವನೆ ಬಂದದ್ದು, ಬಾರದ್ದು ಎಲ್ಲ ಇದೆ. ಅಂಥವಳ ಮುಂದೆ ನಾಯಕಿಯ ಸಾಬೂನಿನ ಭಾಷಣ ಯಾಕೆ ಬೇಕು?

ನಾಯಕನ ಭುಜಕ್ಕೆ ಬೀಳುವ ಗುಂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರಿಗೂ ಎಡ ಭುಜಕ್ಕೇ ಬೀಳುತ್ತದೆ, ಎಲ್ಲರೂ ಮರು ಭಾನುವಾರದೊಳಗೆ ಕುದುರೆ ಏರುತ್ತಾರೆ. ಸಿಡುಬಿನ ಬಗ್ಗೆ ಮಾತ್ರ ಒಂದು ಮಾತು. ಗಡಿಸೀಮೆಯಲ್ಲಿ ಬಂದೂಕಿಗಿಂತ ಹೆಚ್ಚು ಜನರನ್ನು ಕೊಂದದ್ದು ಅದೇ. 1721ರಲ್ಲಿ ಬೋಸ್ಟನ್ನಿನಲ್ಲಿ ಸಿಡುಬು ಹಬ್ಬಿದಾಗ, ಕೀವನ್ನು ಆರೋಗ್ಯವಂತರ ಚರ್ಮಕ್ಕೆ ಸೇರಿಸಿ ರಕ್ಷಿಸುವ ಕ್ರಮವನ್ನು ಡಾಕ್ಟರ್ ಬಾಯ್ಲ್‌ಸ್ಟನ್ ಪ್ರಯೋಗಿಸಿದ. ಅದನ್ನು ಅವನಿಗೆ ಸೂಚಿಸಿದ್ದು ಕಾಟನ್ ಮೇದರ್ ಎಂಬ ಪಾದ್ರಿ. ಪಾದ್ರಿಗೆ ಹೇಳಿದ್ದು ಅವನ ಮನೆಯ ಗುಲಾಮ, ಆಫ್ರಿಕಾದಿಂದ ಬಂದ ಒನೆಸಿಮಸ್. ಪಾದ್ರಿ, ಗುಲಾಮ, ನಂಬಿಕೆ, ವಿಜ್ಞಾನ, ಊರವರ ವಿರೋಧ, ಎಲ್ಲ ಸಿದ್ಧವಾಗಿರುವ ಕಥೆ. ಆ ಎರಡು ಹಲಗೆಗಳಲ್ಲಿ ಇದನ್ನು ಮುಟ್ಟಿದ ಒಂದು ಪುಸ್ತಕವೂ ನನಗೆ ಸಿಗಲಿಲ್ಲ.

ಇನ್ನು ನನ್ನ ಮುಖ್ಯ ತಕರಾರು. ಈ ಕಾದಂಬರಿಗಳಲ್ಲಿ ಕ್ರೈಸ್ತರು ಎಂದರೆ ಮನೆಯೊಳಗಿರುವವರು, ಮೂಲನಿವಾಸಿಗಳು ಎಂದರೆ ಕಿಟಕಿಯಾಚೆ ಕಾಡಿನಲ್ಲಿರುವವರು. ಅವರಲ್ಲೊಬ್ಬ ಒಳ್ಳೆಯವನಿರುತ್ತಾನೆ, ನಾಯಕನಿಗೆ ದಾರಿ ತೋರಿಸುತ್ತಾನೆ, ಕೊನೆಯ ಎರಡು ಅಧ್ಯಾಯ ಉಳಿದಿರುವಾಗ ಸಾಯುತ್ತಾನೆ. ಸಾಯುವ ಮುನ್ನ ಯೇಸುವಿನ ಹೆಸರು ಹೇಳಿಸುತ್ತಾರೆ. ಓದುವ ಅಮೆರಿಕದವರಿಗೆ ಇದು ಸಾಕಾಗುತ್ತಿತ್ತೇನೋ. ಬೆಟಗೇರಿಯವಳಾದ ನನಗೆ ಸಾಲುವುದಿಲ್ಲ. ಹೊರಗಿನಿಂದ ಬಂದ ದೊರೆಗಳ ಧರ್ಮವನ್ನು ತಮ್ಮ ಭಾಷೆಯಲ್ಲಿ ಹಾಡಿಕೊಂಡು, ಅತ್ತ ಬಂಧುಬಳಗದಿಂದಲೂ ಇತ್ತ ದೊರೆಗಳಿಂದಲೂ ಅನುಮಾನಕ್ಕೆ ಗುರಿಯಾದವರು ಹೇಗೆ ಬದುಕಿದರು? ನಮ್ಮ ಮುತ್ತಜ್ಜಿಗೆ ಓಣಿಯ ಬಾವಿಯಿಂದ ನೀರು ನಿಂತಿತ್ತು ಎಂಬ ಮಾತು ನಮ್ಮ ಮನೆಯಲ್ಲಿ ಈಗಲೂ ಬರುತ್ತದೆ. ಆ ಅಂಚಿನಲ್ಲಿ ನಿಂತವರ ಕಥೆಯೇ ಅಲ್ಲವೇ ಕ್ರೈಸ್ತ ಕಾದಂಬರಿಗೆ ತಕ್ಕ ಕಥೆ?

ಅಂಥವರು ಆ ಗಡಿಸೀಮೆಯಲ್ಲಿ ಬೇಕಾದಷ್ಟು ಜನ ಇದ್ದರು. ಜಾನ್ ಎಲಿಯಟ್ ಎಂಬ ಪಾದ್ರಿ ಮೂಲನಿವಾಸಿಗಳ ಮ್ಯಾಸಚೂಸೆಟ್ ಭಾಷೆಗೆ ಮಾಡಿದ ಬೈಬಲ್ 1663ರಲ್ಲಿ ಅಚ್ಚಾಯಿತು. ಆ ನೆಲದಲ್ಲಿ ಅಚ್ಚಾದ ಮೊದಲ ಬೈಬಲ್ ಇಂಗ್ಲಿಷಿನದಲ್ಲ, ಇದೇ. ಅಚ್ಚುಮೊಳೆ ಜೋಡಿಸಿದವರಲ್ಲಿ ನಿಪ್‌ಮಕ್ ಜನಾಂಗದ ಒಬ್ಬ ಯುವಕನಿದ್ದ, ಕಸುಬಿನಿಂದಲೇ ಅವನಿಗೆ ಜೇಮ್ಸ್ ಪ್ರಿಂಟರ್ ಎಂಬ ಹೆಸರು ಬಂತು. ನಾಟಿಕ್ ಮೊದಲಾದ ‘ಪ್ರಾರ್ಥನೆಯ ಊರು’ಗಳಲ್ಲಿ ಕ್ರೈಸ್ತ ಮೂಲನಿವಾಸಿಗಳು ನೆಲೆಸಿದ್ದರು. 1675ರಲ್ಲಿ ವಸಾಹತಿನವರಿಗೂ ಮೂಲನಿವಾಸಿಗಳಿಗೂ ಯುದ್ಧ ಶುರುವಾದಾಗ ಮ್ಯಾಸಚೂಸೆಟ್ಸ್ ವಸಾಹತಿನವರು ಈ ಕ್ರೈಸ್ತರನ್ನೇ ನಂಬದೆ ಬೋಸ್ಟನ್ ಬಂದರಿನ ಡೀರ್ ದ್ವೀಪಕ್ಕೆ ಸಾಗಿಸಿದರು. ಆ ಚಳಿಗಾಲದಲ್ಲಿ ಹಸಿವಿನಿಂದ, ಥಂಡಿಯಿಂದ ನೂರಾರು ಜನ ಸತ್ತರು. ಅದೇ ಯುದ್ಧದಲ್ಲಿ, 1676ರ ಫೆಬ್ರವರಿಯಲ್ಲಿ, ಪಾದ್ರಿಯ ಹೆಂಡತಿ ಮೇರಿ ರೋಲಂಡ್‌ಸನ್ ಸೆರೆಯಾಗಿ ಮೂರು ತಿಂಗಳ ಬಳಿಕ ಬಿಡುಗಡೆಯಾದಳು. ಅವಳ ಆತ್ಮಕಥನ 1682ರಲ್ಲಿ ಪ್ರಕಟವಾಗಿ ಮನೆಮಾತಾಯಿತು, ಕುಲಾವಿ ಪುಸ್ತಕಗಳ ಸೆರೆಯ ಅಧ್ಯಾಯಗಳೆಲ್ಲ ಅದರ ಮೊಮ್ಮಕ್ಕಳು. ಡೀರ್ ದ್ವೀಪದವರ ಕಥೆಗೆ ಮೊಮ್ಮಕ್ಕಳಿಲ್ಲ.

ಸೆರೆಯ ಕಥೆಯಲ್ಲೂ ಇವರು ಸುಲಭದ ದಾರಿಯನ್ನೇ ಹಿಡಿಯುತ್ತಾರೆ. ನಾಯಕಿ ಯಾವಾಗಲೂ ಮರಳಿ ಬರುತ್ತಾಳೆ. 1704ರಲ್ಲಿ ಡೀರ್‌ಫೀಲ್ಡ್ ಊರಿನಿಂದ ಸೆರೆಯಾದ ಪಾದ್ರಿಯ ಮಗಳು ಯೂನಿಸ್ ವಿಲಿಯಮ್ಸ್ ಮರಳಲಿಲ್ಲ. ಏಳು ವರ್ಷದ ಹುಡುಗಿ ಮೊಹಾಕ್ ಎಂಬ ಮೂಲನಿವಾಸಿಗಳ ನಡುವೆ ಬೆಳೆದಳು, ಇಂಗ್ಲಿಷ್ ಮರೆತಳು, ಕೆಥೊಲಿಕ್ ಆದಳು, ಅಲ್ಲಿಯವನನ್ನೇ ಮದುವೆಯಾದಳು. ತಂದೆ ಬಂದು ಕರೆದರೂ ಒಲ್ಲೆ ಎಂದಳು. 1764ರಲ್ಲಿ ಕರ್ನಲ್ ಬೂಕೆ ಓಹಾಯೋ ಸೀಮೆಗೆ ಸೇನೆ ಒಯ್ದು ಸೆರೆಯಾಳುಗಳನ್ನೆಲ್ಲ ಒಪ್ಪಿಸಬೇಕೆಂದಾಗ ಕೆಲವರನ್ನು ಕೈಕಾಲು ಕಟ್ಟಿ ತಂದೊಪ್ಪಿಸಬೇಕಾಯಿತು, ಅವರಿಗೆ ಬಿಡುಗಡೆ ಬೇಡವಾಗಿತ್ತು. ಮಗಳು ಬಾರದಿದ್ದಾಗ ಆ ಪಾದ್ರಿ ಭಾನುವಾರ ಪೀಠದ ಮೇಲೆ ನಿಂತು ಏನೆಂದು ಪ್ರಾರ್ಥಿಸುತ್ತಿದ್ದ? ಇದನ್ನು ಕೇಳದ ಕಾದಂಬರಿ ನಂಬಿಕೆಯ ಬಗ್ಗೆ ಏನು ಹೇಳೀತು?

ಮೊಹೀಗನ್ ಜನಾಂಗದ ಸ್ಯಾಮ್ಸನ್ ಆಕಮ್ 1759ರಲ್ಲಿ ಪ್ರೆಸ್‌ಬಿಟೀರಿಯನ್ ಸಭಾಪಾಲಕನಾಗಿ ದೀಕ್ಷೆ ಪಡೆದವನು. ಇಂಗ್ಲೆಂಡಿಗೆ ಹೋಗಿ ಮುನ್ನೂರಕ್ಕೂ ಹೆಚ್ಚು ಪ್ರಸಂಗ ಮಾಡಿ, ತನ್ನ ಜನರ ಮಕ್ಕಳ ಶಾಲೆಗೆಂದು 12,000 ಪೌಂಡಿಗೂ ಮಿಕ್ಕಿ ಹಣ ಕೂಡಿಸಿಕೊಟ್ಟ. ಹಣ ಡಾರ್ಟ್‌ಮತ್ ಕಾಲೇಜಿಗೆ ಹೋಯಿತು, ಅಲ್ಲಿ ಓದಿದವರು ಹೆಚ್ಚಾಗಿ ಬಿಳಿಯರ ಮಕ್ಕಳು. ತನ್ನ ಹನ್ನೆರಡು ವರ್ಷದ ಸೇವೆಗೆ ಕೊಟ್ಟದ್ದು 180 ಪೌಂಡು, ಇನ್ನೊಂದು ಮಿಶನ್ನಿಗೆ ಒಂದೇ ವರ್ಷದಲ್ಲಿ ಅಷ್ಟು ಖರ್ಚು ಮಾಡಿದರು ಎಂದು ಅವನು 1768ರಲ್ಲಿ ಲೆಕ್ಕ ಬರೆದಿಟ್ಟಿದ್ದಾನೆ. ನಮ್ಮ ಅಜ್ಜ ಮಿಶನ್ ಶಾಲೆಯ ಮಾಸ್ತರರಾಗಿದ್ದರು. ಸಂಬಳದ ಮಾತು ಬಂದಾಗ ಅವರ ಮುಖ ಹೇಗಾಗುತ್ತಿತ್ತೆಂದು ಕಂಡಿದ್ದೇನೆ, ಆದ್ದರಿಂದ ಆಕಮ್‌ನ ಈ ಲೆಕ್ಕ ನನಗೆ ಹೊಸದೆನಿಸಲಿಲ್ಲ.

ಇಷ್ಟೆಲ್ಲ ಗೊಣಗಿದರೂ ಆ ಕಪಾಟು ನನಗೊಂದು ಒಳ್ಳೆಯ ಪುಸ್ತಕ ಕೊಟ್ಟಿದೆ. ಹೊದಿಕೆಯೇ ಇಲ್ಲದ ಪ್ರತಿ, ಆದ್ದರಿಂದ ಅದರ ಮೇಲೆ ಕುಲಾವಿಯೂ ಇಲ್ಲ, ಬೆಲೆ 60 ರೂಪಾಯಿ. ಕಥೆ ನಡೆಯುವುದು ಮೊರಾವಿಯನ್ ಸಭೆಯ ಹಳ್ಳಿಯಲ್ಲಿ. ಈ ಮೊರಾವಿಯನ್ನರು ಜರ್ಮನಿಯ ಹೆರ್ನ್‌ಹುಟ್‌ನಿಂದ ಬಂದವರು, 1741ರಲ್ಲಿ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಊರು ಕಟ್ಟಿದವರು. ಬಾಸೆಲ್ ಮಿಶನ್ ಹುಟ್ಟಿದ ಕ್ರೈಸ್ತ ಭಕ್ತಿಪಂಥದ (ಪಯಟಿಸಂ) ಬೇರೂ ಅದೇ ಮಣ್ಣಿನದು, ಹೀಗಾಗಿ ನಮ್ಮಂಥವರಿಗೆ ಓದುತ್ತ ಓದುತ್ತ ಮನೆಯ ಪರಿಚಯವೇ ಆಗುತ್ತದೆ. ಅವರು ಮದುವೆಯಂಥ ವಿಷಯಕ್ಕೂ ಚೀಟಿ ಎತ್ತಿ ದೇವರ ಚಿತ್ತ ಕೇಳುತ್ತಿದ್ದರು. ಹೆಂಗಸರು, ಗಂಡಸರು, ಅವಿವಾಹಿತರು, ವಿಧವೆಯರು ಬೇರೆ ಬೇರೆ ತಂಡಗಳಾಗಿ ಬದುಕುತ್ತಿದ್ದರು. ಸ್ಮಶಾನದಲ್ಲಿ ಎಲ್ಲರಿಗೂ ನೆಲಮಟ್ಟದ ಒಂದೇ ಬಗೆಯ ಕಲ್ಲು. ಅವರ ಮಿಶನರಿ ಡೇವಿಡ್ ಝೈಸ್‌ಬರ್ಗರ್ ಲೆನಾಪೆ ಎಂಬ ಮೂಲನಿವಾಸಿ ಜನರ ಭಾಷೆ ಕಲಿತು 1776ರಲ್ಲಿ ಅದಕ್ಕೊಂದು ಕಾಗುಣಿತ ಪುಸ್ತಕ ಅಚ್ಚು ಹಾಕಿಸಿದ. ವ್ಯಾಕರಣ, ಶಬ್ದಕೋಶಗಳಿಗೂ ದುಡಿದ. 1894ರ ನಿಘಂಟಿನ ಕಿಟೆಲ್ ಅವರ ಹೆಸರಿನ ಕಾಲೇಜಿನ ಮುಂದೆ ದಿನವೂ ಓಡಾಡುವ ಧಾರವಾಡದವರಿಗೆ ಇಂಥ ಮನುಷ್ಯನನ್ನು ವಿವರಿಸಿ ಹೇಳಬೇಕಿಲ್ಲ.

ಕಾದಂಬರಿಯ ಕೇಂದ್ರದಲ್ಲಿ ಝೈಸ್‌ಬರ್ಗರ್ ಇಲ್ಲ, ದೀಕ್ಷಾಸ್ನಾನ ಪಡೆದ ಒಬ್ಬ ಲೆನಾಪೆ ವಿಧವೆ ಇದ್ದಾಳೆ. ಕಥೆ ಸಾಗುವುದು ಓಹಾಯೋದ ಗ್ನಾಡೆನ್‌ಹುಟೆನ್ ಹಳ್ಳಿಗೆ, 1782ರ ಮಾರ್ಚ್ ತಿಂಗಳಿಗೆ. ಇತಿಹಾಸ ಬಲ್ಲವರಿಗೆ ಅಲ್ಲೇ ಎದೆ ಹಿಡಿದುಕೊಳ್ಳುತ್ತದೆ. ಅದು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲ, ಬ್ರಿಟಿಷರ ಪಕ್ಷದವರು ಈ ಕ್ರೈಸ್ತರನ್ನು ಹಿಂದಿನ ಶರತ್ಕಾಲದಲ್ಲೇ ದೂರಕ್ಕೆ ಎಬ್ಬಿಸಿದ್ದರು. ಹಸಿವು ತಾಳದೆ, ಹೊಲದಲ್ಲಿ ಬಿಟ್ಟುಬಂದ ಗೋವಿನಜೋಳ ಮುರಿದುಕೊಳ್ಳಲು ಕೆಲವರು ಮರಳಿ ಬಂದಿದ್ದರು. ಪೆನ್ಸಿಲ್ವೇನಿಯಾದ ಸೇನಾತುಕಡಿ ಸ್ನೇಹದ ಮಾತಾಡಿ ಅವರನ್ನು ಒಟ್ಟುಗೂಡಿಸಿತು, ಬಳಿಕ ಕೊಲ್ಲಬೇಕೇ ಬೇಡವೇ ಎಂದು ಮತಕ್ಕೆ ಹಾಕಿತು. ಒಲ್ಲೆವೆಂದವರು ಕೆಲವರೇ. ಸೆರೆಯಾದವರು ಸಿದ್ಧರಾಗಲು ಒಂದು ರಾತ್ರಿ ಕೇಳಿಕೊಂಡು ಬೆಳಗಿನವರೆಗೆ ಕೀರ್ತನೆ ಹಾಡಿದರು. ಮರುದಿನ 28 ಗಂಡಸರು, 29 ಹೆಂಗಸರು, 39 ಮಕ್ಕಳನ್ನು ಮರದ ಸುತ್ತಿಗೆಯಿಂದ ಬಡಿದು ಕೊಂದರು. ಇಬ್ಬರು ಹುಡುಗರು ತಪ್ಪಿಸಿಕೊಂಡರು. ಕೊಂದವರೂ ಕ್ರೈಸ್ತರೇ, ಮನೆಗೆ ಮರಳಿ ಬೈಬಲ್ ಓದಿದವರೇ.

ಲೇಖಕಿ ಸುತ್ತಿಗೆಯನ್ನು ತೋರಿಸುವುದಿಲ್ಲ. ತೋರಿಸುವುದು ರಾತ್ರಿಯನ್ನು. ಆ ವಿಧವೆ ಮಗ್ಗುಲಲ್ಲಿದ್ದ ಹುಡುಗಿಯ ತಲೆ ಬಾಚಿ ಜಡೆ ಹಾಕುತ್ತಾಳೆ, ಕಗ್ಗಂಟು ಬಿಡಿಸುವಾಗ ಹುಡುಗಿ “ನೋಯುತ್ತದೆ” ಎಂದು ಗದರುತ್ತಾಳೆ, ಆಕೆ “ಅಲುಗಾಡಬೇಡ” ಎನ್ನುತ್ತಾಳೆ. ಪಕ್ಕದಲ್ಲಿ ಹಾಡು ನಡೆದೇ ಇದೆ. ವಾರ್ಡಿನಲ್ಲಿ ಸಾವು ನೋಡಿದವಳು ನಾನು, ಸಾವಿನ ಹತ್ತಿರದಲ್ಲಿ ಹೆಂಗಸರ ಕೈ ಇಂಥ ಕೆಲಸವನ್ನೇ ಹುಡುಕುತ್ತದೆ ಎಂಬುದು ಗೊತ್ತು. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಈ ಪುಟ ಓದುತ್ತಿದ್ದೆ. ಇಳಿಯಬೇಕಾದ ನಿಲ್ದಾಣ ಹಿಂದೆ ಹೋಯಿತು. ಪುಸ್ತಕದಲ್ಲಿ ಕುಂದಿಲ್ಲವೆಂದಲ್ಲ. ಮೊದಲ ನೂರು ಪುಟ ಎಳೆದಾಡುತ್ತದೆ, ಒಬ್ಬ ಜರ್ಮನ್ ಯುವಕನ ಪ್ರೇಮ ಪ್ರಕರಣ ಪ್ರಕಾಶಕರ ಒತ್ತಾಯಕ್ಕೆ ತುರುಕಿದಂತಿದೆ. ಆದರೂ ಎರಡು ಹಲಗೆಗಳ ಸರಕಿನಲ್ಲಿ ಕ್ರೈಸ್ತ ಕಾದಂಬರಿ ಎಂಬ ಹೆಸರಿಗೆ ತಕ್ಕದ್ದು ಇದೊಂದೇ ಎಂಬುದು ನನ್ನ ತೀರ್ಮಾನ. ಹೆಸರು ಹೇಳುವುದಿಲ್ಲ. ಇರುವುದು ಒಂದೇ ಪ್ರತಿ, ಅದು ನನ್ನ ಬಳಿಯಿದೆ, ಅರ್ಧ ಹಣಕ್ಕೆ ಮರಳಿಸುವ ಯೋಚನೆ ಇಲ್ಲ.

ಉಳಿದವರು ಏನು ಕೊಳ್ಳಬೇಕು? ಇಂಗ್ಲಿಷ್ ಓದಿನ ರೂಢಿ ಮಾಡಿಕೊಳ್ಳಬೇಕೆನ್ನುವವರಿಗೆ ಈ ಕಪಾಟು ಚೆನ್ನಾಗಿ ಒಗ್ಗುತ್ತದೆ, ವಾಕ್ಯಗಳು ಚಿಕ್ಕವು, ಕಥೆ ಎಲ್ಲೂ ಕೈ ಬಿಡುವುದಿಲ್ಲ. ಹಳೆಯ ಕಾಲದ ಮನೆಗೆಲಸ, ಬೇಸಾಯದ ಬಗ್ಗೆ ಕುತೂಹಲ ಇರುವವರು ಧಾರಾಳವಾಗಿ ಕೊಳ್ಳಬಹುದು. ಮುಖಪುಟದಲ್ಲಿ ಬಂದೂಕು ಹಿಡಿದ ಗಂಡಸೂ ಇದ್ದರೆ ಬಿಟ್ಟುಬಿಡಿ, ಅದರಲ್ಲಿ ಸಾಬೂನು ಕಡಿಮೆ. ಸರಣಿಯ ಮೊದಲ ಭಾಗ ಸಿಗದಿದ್ದರೆ ಮೂರನೆಯದರಿಂದಲೇ ಆರಂಭಿಸಬಹುದು, ಹಿಂದಿನದನ್ನೆಲ್ಲ ಮೊದಲ ಅಧ್ಯಾಯದಲ್ಲಿ ಯಾರಾದರೊಬ್ಬರು ಪತ್ರದಲ್ಲಿ ಬರೆದಿರುತ್ತಾರೆ. ಅಂಗಡಿ ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚಿರುತ್ತದೆ, ಸಂಜೆ ಪರೀಕ್ಷೆಯ ಹುಡುಗರ ನೂಕುನುಗ್ಗಲು, ಬೆಳಿಗ್ಗೆ ಹೋಗುವುದು ಒಳ್ಳೆಯದು. ಆ ಹಲಗೆಗಳ ಮುಂದೆ ನೆಲದ ಮೇಲೇ ಕುಳಿತು ಹುಡುಕಬೇಕು. ಮಂಡಿನೋವಿನವರು ಕೇಳಿದರೆ ಅಂಗಡಿಯವರು ಸ್ಟೂಲು ಕೊಡುತ್ತಾರೆ, ಕೇಳದಿದ್ದರೆ ಕೊಡುವುದಿಲ್ಲ.